ಇಬ್ಬರಿಗೆ ಸಾಕಾಗುವ ಹಡಗು

ಖರೀದಿ ಗುಮಾಸ್ತರ ಬದುಕಿನಲ್ಲಿ ಆ ದಿನ ಬೆಳಿಗ್ಗೆ ಒಂಬತ್ತೂವರೆಯವರೆಗೆ ಯಾವ ತೊಂದರೆಯೂ ಇರಲಿಲ್ಲ. ಒಂಬತ್ತೂವರೆಗೆ ಯಜಮಾನರು ಕರೆದು ಅವರ ಕೈಗೆ ಒಂದು ನೀಲಿ ಫೈಲು ಕೊಟ್ಟರು. ಅದರೊಳಗೆ ಮೂರು ಹಡಗುಗಳ ಬಣ್ಣದ ಚಿತ್ರವಿದ್ದ ಮೂರು ಪುಸ್ತಕಗಳಿದ್ದವು.

"ಇದರಲ್ಲಿ ಒಂದನ್ನ ಆರಿಸಿಕೊಡಿ," ಎಂದರು ಯಜಮಾನರು.

ಗುಮಾಸ್ತರು ಕಣ್ಣು ಕಣ್ಣು ಬಿಟ್ಟರು. "ಹಡಗಾ ಸಾರ್? ನಮ್ಮ ಹಾಸಿಗೆ ಕಾರ್ಖಾನೆಗಾ?"

"ಕಾರ್ಖಾನೆಗಲ್ಲ ರೀ, ಸ್ವಂತಕ್ಕೆ. ಮನೆಯವರ ಆಸೆ. ಮಹಾಸಾಗರ ದಾಟೋವಂಥದ್ದೇ ಬೇಕಂತೆ. ಮಧ್ಯೆ ಡೀಸೆಲ್ಲಿಗೆ ಅಂತ ಎಲ್ಲೂ ನಿಲ್ಲಬಾರದಂತೆ." ಯಜಮಾನರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. "ಆತುರ ಏನಿಲ್ಲ. ನಿಧಾನವಾಗಿ ನೋಡಿ. ನಿಮ್ಮ ಪದ್ಧತಿ ಹೇಗಿದೆಯೋ ಹಾಗೇ ಮಾಡಿ. ಎಲ್ಲಾ ವಿಚಾರಿಸಿ, ಒಂದನ್ನೂ ಬಿಡಬೇಡಿ. ಆಮೇಲೆ ಇನ್ನೊಂದು ವಿಷಯ. ತಂದ ವಸ್ತುವನ್ನ ಮೊದಲು ಒಂದು ತಿಂಗಳು ನೀವೇ ಉಪಯೋಗಿಸಿ ನೋಡ್ಬೇಕು ಅಂತ ನಿಮ್ಮದೇ ನಿಯಮ ಇದೆಯಲ್ಲ? ಅದೂ ಆಗ್ಲಿ. ಮೊದಲನೇ ಪ್ರಯಾಣಕ್ಕೆ ನೀವೂ ಹಡಗು ಹತ್ತಬೇಕು. ತಿಳೀತಾ?"

ತಿಳಿಯಿತು ಎಂದು ತಲೆಯಾಡಿಸಿ ಗುಮಾಸ್ತರು ಹೊರಗೆ ಬಂದರು. ಏನು ತಿಳಿಯಿತು ಎಂದು ಯಾರಾದರೂ ಕೇಳಿದ್ದರೆ ಅವರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಸ್ಪ್ರಿಂಗ್ ಹಾಸಿಗೆ ಮಾಡುವ ಆ ಕಾರ್ಖಾನೆಯಲ್ಲಿ ಗುಮಾಸ್ತರು ಇಪ್ಪತ್ತೆರಡು ವರ್ಷದಿಂದ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದರು. ವಿಭಾಗ ಅಂದರೆ ಒಂದು ಮೇಜು, ಒಂದು ಕಪಾಟು ಮತ್ತು ಅವರು. ಪೊರಕೆ ಬೇಕಾದರೂ ಮೂರು ಅಂಗಡಿಯಿಂದ ಕೊಟೇಶನ್ ಬರಬೇಕು, ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಕೆ ಪಟ್ಟಿ ಮಾಡಬೇಕು, ಪಟ್ಟಿಯನ್ನು ತಿದ್ದಬೇಕು, ತಿದ್ದಿದ್ದನ್ನು ಮತ್ತೆ ಟೈಪ್ ಮಾಡಿಸಬೇಕು. ಹೀಗೆ ಅಳೆದೂ ಸುರಿದೂ ಕಚೇರಿಗೆ ಒಂದು ಫ್ಯಾನ್ ತರಲು ಅವರು ಹದಿನಾಲ್ಕು ತಿಂಗಳು ತೆಗೆದುಕೊಂಡಿದ್ದರು. ಅಷ್ಟರಲ್ಲಿ ಎರಡು ಬೇಸಿಗೆ ಬಂದು ಹೋಗಿ, ಜನಕ್ಕೆ ರಟ್ಟಿನ ತುಂಡಿನಲ್ಲಿ ಗಾಳಿ ಬೀಸಿಕೊಳ್ಳುವುದೇ ಅಭ್ಯಾಸವಾಗಿಹೋಗಿತ್ತು. ಬೆನ್ನ ಹಿಂದೆ ಅವರನ್ನು ಎಲ್ಲರೂ 'ಮೂರು ಕೊಟೇಶನ್' ಎಂದೇ ಕರೆಯುತ್ತಿದ್ದರು.

ಒಂದು ತಿಂಗಳು ತಾವೇ ಉಪಯೋಗಿಸಿ ನೋಡುವ ನಿಯಮವೂ ಅವರದೇ ಸೃಷ್ಟಿ. ಹೊಸ ಕುರ್ಚಿ ಬಂದರೆ ತಿಂಗಳು ಪೂರ್ತಿ ಅದರಲ್ಲಿ ಅವರೇ ಕೂರುವುದು, ಹೊಸ ನೀರಿನ ಫಿಲ್ಟರ್ ಬಂದರೆ ಅವರೇ ಮೊದಲು ಕುಡಿಯುವುದು. ಇದರಿಂದ ಅವರಿಗೆ ಯಾವಾಗಲೂ ಹೊಸ ಕುರ್ಚಿ ಸಿಗುತ್ತಿತ್ತು ಅನ್ನುವುದು ಬೇರೆ ಮಾತು. ಇಷ್ಟು ವರ್ಷದಲ್ಲಿ ನಿಯಮ ತಿರುಗಿ ಕಚ್ಚಿದ್ದು ಒಂದೇ ಸಲ. ಕಾರ್ಖಾನೆಗೆ ಹೊಸ ಏಣಿ ಬಂದಾಗ ಅವರು ಮೂರನೆಯ ಮೆಟ್ಟಿಲಲ್ಲಿ ತಲೆ ಸುತ್ತಿ, ಕೆಳಗೆ ಒಟ್ಟಿದ್ದ ಹಾಸಿಗೆಗಳ ಮೇಲೆ ಬಿದ್ದು ಬದುಕಿಕೊಂಡಿದ್ದರು.

ಗುಮಾಸ್ತರ ಗುಟ್ಟೂ ಅದೇ. ನೆಲದಿಂದ ಕಾಲು ಎತ್ತಿದರೆ ಸಾಕು, ಅವರ ಹೊಟ್ಟೆ ಮಗುಚಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಮುಂದಿನ ಸೀಟೇ ಆಗಬೇಕು, ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಳ್ಳಬೇಕು. ಪಾರ್ಕಿನಲ್ಲಿ ಬೇರೆಯವರು ಉಯ್ಯಾಲೆ ಆಡುವುದನ್ನು ನೋಡಿದರೂ ಅವರಿಗೆ ವಾಕರಿಕೆ ಬರುತ್ತಿತ್ತು. ಅಂಥವರು ಒಂದು ತಿಂಗಳು ಸಮುದ್ರದ ಮೇಲೆ! ಹೋದರೆ ತಾವು ಜೀವಸಹಿತ ವಾಪಸು ಬರುವುದಿಲ್ಲ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಲ್ಲೆ ಎನ್ನಲೂ ಬಾಯಿ ಬಾರದು. ನಿಯಮ ಮಾಡಿದವರೇ ನಿಯಮ ಮುರಿದರೆ ಇಪ್ಪತ್ತೆರಡು ವರ್ಷದ ಮರ್ಯಾದೆ ಏನಾಗಬೇಕು?

ಮೇಜಿಗೆ ಬಂದು ಫೈಲು ಬಿಚ್ಚುವಷ್ಟರಲ್ಲಿ ಟೈಪಿಸ್ಟ್ ಅಕ್ಕ ಬಂದು ನಿಂತರು. ಅವರ ಹಿಂದೆ ಉಗ್ರಾಣಿ. ಸೊಂಟದಲ್ಲಿ ಸದಾ ಗೊಂಚಲು ಜಣಜಣ ಎನ್ನುತ್ತಿದ್ದುದರಿಂದ ಅವನಿಗೆ 'ಬೀಗದಕೈ' ಎಂದೇ ಹೆಸರು.

"ಯಜಮಾನರು ಏನಂದ್ರು?" ಎಂದು ಕೇಳಿದರು ಅಕ್ಕ.

"ನಿಧಾನವಾಗಿ ನೋಡಿ, ಆತುರ ಇಲ್ಲ ಅಂದ್ರು."

ಅಕ್ಕ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ದೇವ್ರೇ! ಅಂದ್ರೆ ಇವತ್ತು ಸಂಜೆಗೇ ಬೇಕು!"

ಯಜಮಾನರ ಮಾತನ್ನು ಬಿಡಿಸಿ ಹೇಳುವುದು ಆ ಕಚೇರಿಯಲ್ಲಿ ಒಂದು ಶಾಸ್ತ್ರವಾಗಿಯೇ ಬೆಳೆದಿತ್ತು. ಯಜಮಾನರು ಮೃದು ಸ್ವಭಾವದವರು, ಯಾರನ್ನೂ ಎದುರಿಗೆ ಬೈದವರಲ್ಲ. ಆದ್ದರಿಂದ ಅವರು 'ಪರವಾಗಿಲ್ಲ' ಎಂದರೆ ತುಂಬ ಕೆಟ್ಟದಾಗಿದೆ ಎಂದೂ, 'ಚೆನ್ನಾಗಿ ಬರೆದಿದ್ದೀರಿ' ಎಂದರೆ ಮತ್ತೊಮ್ಮೆ ಬರೆಯಿರಿ ಎಂದೂ, 'ಆಗಲೇ ಮನೆಗೆ ಹೊರಟ್ರಾ? ಹೋಗಿ ಬನ್ನಿ' ಎಂದರೆ ಸುಮ್ಮನೆ ಕೂತು ಕೆಲಸ ಮುಗಿಸಿ ಎಂದೂ ಜನ ತಿಳಿದುಕೊಂಡಿದ್ದರು. ಈ ಶಾಸ್ತ್ರದಲ್ಲಿ ಟೈಪಿಸ್ಟ್ ಅಕ್ಕನನ್ನು ಮೀರಿಸುವವರು ಇರಲಿಲ್ಲ.

"ಹೋದ ವರ್ಷ ನನಗೂ 'ಆತುರ ಇಲ್ಲಮ್ಮ' ಅಂದಿದ್ರು," ಅಕ್ಕ ಮುಂದುವರಿಸಿದರು. "ಅದನ್ನ ನಂಬಿ ನಾನು ಊಟಕ್ಕೆ ಹೋದೆ. ವಾಪಸು ಬಂದು ನೋಡಿದ್ರೆ ಯಜಮಾನರೇ ನನ್ನ ಮಿಷನ್ ಮುಂದೆ ಕೂತು ಒಂದು ಬೆರಳಲ್ಲಿ ಕುಟ್ತಾ ಇದ್ರು. ನಾಚಿಕೆಯಿಂದ ಸತ್ತೇ ಹೋದೆ. ನಿಮಗೆ ಹೇಳಿರೋದು ನಿಮ್ಮ ನಿಧಾನದ ಮೇಲೆ ಕುಟುಕು ಸಾರ್. 'ನಿಮ್ಮ ಪದ್ಧತಿ ಹೇಗಿದೆಯೋ ಹಾಗೇ' ಅಂದ್ರಾ? ಅಂದ್ರಲ್ವಾ? ಮುಗೀತು ಬಿಡಿ."

ಬೀಗದಕೈ ಅಷ್ಟರಲ್ಲಿ ಪುಸ್ತಕ ತಿರುವಿಹಾಕುತ್ತಿದ್ದ. "ಇದನ್ನ ತಗೊಳ್ಳಿ ಸಾರ್," ಎಂದು ಒಂದು ಚಿತ್ರಕ್ಕೆ ಬೆರಳು ಒತ್ತಿದ. "ಮೂರು ಅಂತಸ್ತು! ಎಂಟು ಹಾಸಿಗೆ! ಯಜಮಾನರು, ಅಮ್ಮಾವ್ರು, ನೀವು, ಉಗ್ರಾಣ ನೋಡ್ಕೊಳ್ಳೋಕೆ ನಾನು. ಎಲ್ಲರೂ ಆರಾಮಾಗಿ ಹೋಗ್ಬಹುದು. ಯಜಮಾನರು ಏನಾದ್ರೂ ಕೇಳಿದ್ರೆ ನಾನೂ ಇದನ್ನೇ ಹೇಳ್ತೀನಿ."

ಎಂಟು ಹಾಸಿಗೆಯ ಹಡಗಿನಲ್ಲಿ ತಮಗೆ ಜಾಗವಿಲ್ಲ ಎಂದು ಹೇಳುವುದಾದರೂ ಹೇಗೆ? ಗುಮಾಸ್ತರು ಪುಸ್ತಕ ಕಿತ್ತುಕೊಂಡು, "ಮೊದಲು ಕೊಟೇಶನ್, ಆಮೇಲೆ ಮಾತು," ಎಂದು ಫೋನ್ ಎತ್ತಿದರು.

ಮೊದಲನೆಯ ಹಡಗು ತೆಳ್ಳಗೆ, ಬೆಳ್ಳಗೆ, ಮೂಗು ಮೇಲೆತ್ತಿಕೊಂಡು ನಿಂತಿತ್ತು. ಮಾರುವವನ ದನಿಯಲ್ಲೂ ಅದೇ ಗತ್ತು.

"ಗಂಟೆಗೆ ಮೂವತ್ತು ಮೈಲಿ ಸಾರ್! ನೀರಿನ ಮೇಲೆ ಹಾರುತ್ತೆ!"

"ಹಾರೋದು ಬೇಡ," ಎಂದರು ಗುಮಾಸ್ತರು ಗಾಬರಿಯಿಂದ. "ಸ್ಯಾಂಪಲ್ ಕಳಿಸ್ತೀರಾ?"

"ಏನು ಕಳಿಸೋದು?"

"ಸ್ಯಾಂಪಲ್ಲು ರೀ. ಒಂದು ತಿಂಗಳು ಇಟ್ಕೊಂಡು ನೋಡ್ತೀವಿ. ಸರಿ ಇಲ್ಲದಿದ್ರೆ ವಾಪಸ್. ಸಾಗಾಣಿಕೆ ಖರ್ಚು ನಿಮ್ಮದೇ."

"ಸಾರ್, ಅದು ಎಪ್ಪತ್ತು ಅಡಿ ಉದ್ದ ಇದೆ."

"ಪರವಾಗಿಲ್ಲ, ನಮ್ಮ ಗೇಟು ದೊಡ್ಡದೇ. ಆಮೇಲೆ, ಒಂದ್ಸಲ ಡೀಸೆಲ್ ತುಂಬಿಸಿದ್ರೆ ಎಷ್ಟು ದೂರ ಹೋಗುತ್ತೆ?"

"ಐನೂರು ಮೈಲಿ ಸಾರ್."

"ಮಹಾಸಾಗರ ಎಷ್ಟು ಅಗಲ ಇದೆ?"

"ಮೂರು ಸಾವಿರ ಇರಬಹುದು."

"ಹಾಗಾದ್ರೆ ಮಿಕ್ಕ ಎರಡೂವರೆ ಸಾವಿರ?"

ಫೋನ್ ಕಟ್ಟಾಯಿತು. ಎರಡನೆಯ ಹಡಗಿನವನು ಎಂಟು ಹಾಸಿಗೆಯ ಮಹಿಮೆಯನ್ನು ಅರ್ಧ ಗಂಟೆ ಹೇಳಿದ. ಎರಡು ಇಂಜಿನ್ನಂತೆ, ನಾಲ್ಕು ಬಚ್ಚಲಂತೆ, ಮೇಲೊಂದು ಈಜುಕೊಳವಂತೆ. ಸುತ್ತ ಸಮುದ್ರವೇ ಇರುವಾಗ ಮೇಲೊಂದು ಈಜುಕೊಳ ಏಕೆ ಎಂದು ಗುಮಾಸ್ತರಿಗೆ ಅರ್ಥವಾಗಲಿಲ್ಲ. ಒಂದು ಡಜನ್ ತೆಗೆದುಕೊಂಡರೆ ಎಷ್ಟು ಬಿಡುತ್ತೀರಿ ಎಂದು ಅಭ್ಯಾಸಬಲದಿಂದ ಕೇಳಿಯೂಬಿಟ್ಟರು. ಅವನು ಕುರ್ಚಿಯಿಂದ ಎದ್ದು ನಿಂತ ಸದ್ದು ಫೋನಿನಲ್ಲೇ ಕೇಳಿಸಿತು.

ಮೂರನೆಯವರು ಫೋನ್ ಎತ್ತಲೇ ಇಲ್ಲ. ಅಷ್ಟರಲ್ಲಿ ಊಟದ ಹೊತ್ತಾಯಿತು.

ಗುಮಾಸ್ತರು ಮನೆ ಸೇರುವ ಮೊದಲೇ ಸುದ್ದಿ ಮನೆ ಸೇರಿತ್ತು. ಟೈಪಿಸ್ಟ್ ಅಕ್ಕ ಮತ್ತು ಗುಮಾಸ್ತರ ಹೆಂಡತಿ ದಿನಕ್ಕೆರಡು ಸಲ ಫೋನಿನಲ್ಲಿ ಮಾತಾಡುವ ಸ್ನೇಹಿತೆಯರು. ಬಾಗಿಲು ತೆಗೆದ ಹೆಂಡತಿ ಹತ್ತು ವರ್ಷ ಚಿಕ್ಕವಳಾದಂತೆ ಕಾಣುತ್ತಿದ್ದಳು. ಕೋಣೆಯ ಮಧ್ಯದಲ್ಲಿ ದೊಡ್ಡ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅದರಲ್ಲಿ ಆಗಲೇ ಅವರ ಆರು ಬನಿಯನ್ನು, ಎರಡು ಸ್ವೆಟರು, ಒಂದು ಛತ್ರಿ ಸೇರಿದ್ದವು.

"ಒಂದು ತಿಂಗಳಂತಲ್ರೀ!" ಎಂದಳು ಹೆಂಡತಿ.

"ಲೇ, ನಾನು ಹೋಗಲ್ಲ. ಲಿಫ್ಟಲ್ಲೇ ನನಗೆ ವಾಂತಿ ಬರುತ್ತೆ ಅಂತ ನಿನಗೆ ಗೊತ್ತಿಲ್ವಾ?"

"ಅಲ್ಲಿ ಸಮುದ್ರ ಇರುತ್ತಲ್ಲ, ಯಾರೂ ಏನೂ ಅನ್ನಲ್ಲ. ನೋಡ್ರೀ, ಮನೆಗೆ ಬಣ್ಣ ಹೊಡೆಸೋಕೆ ನೀವು ಕೊಟೇಶನ್ ತರಿಸೋಕೆ ಶುರು ಮಾಡಿ ಐದು ವರ್ಷ ಆಯ್ತು. ಗೋಡೆ ನೋಡಿ, ನಮ್ಮ ಮದುವೆ ಫೋಟೋ ತೆಗೆದ್ರೆ ಅದರ ಹಿಂದೆ ಮಾತ್ರ ಬಣ್ಣ ಇದೆ. ನೀವು ಹಡಗು ಹತ್ತಿ. ಬರೋಷ್ಟರಲ್ಲಿ ನಾನು ಹಸಿರು ಹೊಡೆಸಿರ್ತೀನಿ."

"ಹಸಿರಾ? ಹಸಿರಿಗೆ ಇನ್ನೂ ಒಂದೇ ಕೊಟೇಶನ್ ಬಂದಿರೋದು!"

"ಅದಕ್ಕೇ ಹೇಳಿದ್ದು, ಹೋಗಿ ಅಂತ."

ಕಟ್ಟಿಕೊಂಡವಳೇ ಹೀಗಂದ ಮೇಲೆ ಗುಮಾಸ್ತರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಅಷ್ಟರಲ್ಲಿ ಪಕ್ಕದ ಮನೆಯ ಹಡಗಜ್ಜ ಕೋಲು ಊರಿಕೊಂಡು ಒಳಗೆ ಬಂದರು. ಹಡಗಜ್ಜ ಒಂದು ಕಾಲದಲ್ಲಿ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದವರು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಆ ಬೀದಿಯಲ್ಲಿ ಸಮುದ್ರದ ವಿಷಯಕ್ಕೆ ಅವರ ಮಾತೇ ಕೊನೆಯ ಮಾತು.

"ತಗೊಂಬಾ ಪುಸ್ತಕ," ಎಂದರು ಅಜ್ಜ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಮೂರನ್ನೂ ನೋಡಿದರು. ತೆಳ್ಳನೆಯದನ್ನು ಮೊದಲ ನೋಟಕ್ಕೇ ಪಕ್ಕಕ್ಕೆ ಎಸೆದರು. "ಇದು ಮದುವೆ ಗಂಡು ಮೆರವಣಿಗೆ ಹೋಗೋಕೆ. ದೂರ ಹೋಗೋದಕ್ಕಲ್ಲ. ನೋಡಪ್ಪಾ, ಸಮುದ್ರದಲ್ಲಿ ಓಡಿದವನ ಹೊಟ್ಟೆ ಬೇಗ ಖಾಲಿ. ನಡೆದವನೇ ದಡ ಸೇರೋದು. ಗಂಟೆಗೆ ಏಳು ಮೈಲಿ ಹೋಗೋ ಹಡಗು ತಗೋ, ಇದ್ದ ಡೀಸೆಲ್ಲಲ್ಲೇ ಆಚೆ ದಡ ಮುಟ್ಟುತ್ತೆ."

"ಏಳು ಮೈಲಿಯಾ? ನಾನು ಸೈಕಲ್ಲಲ್ಲಿ ಅದಕ್ಕಿಂತ ಬೇಗ ಹೋಗ್ತೀನಲ್ಲ ಅಜ್ಜ! ಹಾಗಾದ್ರೆ ದಾಟೋಕೆ ಎಷ್ಟು ದಿನ?"

"ಹದಿನೆಂಟೋ ಇಪ್ಪತ್ತೋ. ಸುತ್ತ ನೀರು ಬಿಟ್ರೆ ನೀರೇ. ಐದನೇ ದಿನ ಎಲ್ಲಾ ವಾಂತಿ ಮುಗಿದು ಹೋಗುತ್ತೆ. ಆರನೇ ದಿನ ಬಿಕ್ಕಳಿಕೆ. ನಮ್ಮ ಹಡಗಲ್ಲಿ ಒಬ್ಬ ಇದ್ದ, ಬಿಕ್ಕಳಿಸ್ತಾ ಬಿಕ್ಕಳಿಸ್ತಾ..." ಅಜ್ಜ ಅಷ್ಟಕ್ಕೇ ನಿಲ್ಲಿಸಿ ಪುಟ ತಿರುವಿದರು. ಅವನಿಗೆ ಕೊನೆಗೆ ಏನಾಯಿತೆಂದು ಕೇಳಲು ಗುಮಾಸ್ತರಿಗೆ ಧೈರ್ಯ ಬರಲಿಲ್ಲ.

"ಇಂಜಿನ್ ಒಂದಿರಬೇಕೋ ಎರಡೋ ಅಜ್ಜ?"

"ಎರಡಿದ್ರೆ ಒಂದು ಕೆಟ್ರೂ ಇನ್ನೊಂದಿರುತ್ತೆ. ಒಂದೇ ಇದ್ರೆ ಡೀಸೆಲ್ ಉಳಿಯುತ್ತೆ."

"ಹಾಗಾದ್ರೆ ಎರಡು ಒಳ್ಳೇದಾ?"

"ಒಂದು ಒಳ್ಳೇದು."

"ಅಂದ್ರೆ ಎರಡು ಬೇಡ?"

"ಬೇಡ ಅಂದವರು ಯಾರು? ಎರಡೂ ಒಳ್ಳೇದೇ."

ಗುಮಾಸ್ತರು ತಲೆ ಹಿಡಿದುಕೊಂಡರು. ಓಲಾಡದ ಹಾಗೆ ನೀರಿನೊಳಗೆ ರೆಕ್ಕೆ ಇರಬೇಕಂತೆ, ಆದರೆ ರೆಕ್ಕೆಗೆ ಬಲೆ ಸಿಕ್ಕಿಕೊಳ್ಳುತ್ತದಂತೆ. ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ಬೇಕಂತೆ, ಆದರೆ ಅದು ಕೆಟ್ಟರೆ ಎಂದು ನೀರನ್ನೂ ತುಂಬಿಕೊಂಡು ಹೋಗಬೇಕಂತೆ, ನೀರು ತುಂಬಿಕೊಂಡರೆ ಯಂತ್ರ ಏಕೆ ಎಂದರೆ ನೀರು ಮುಗಿದರೆ ಏನು ಗತಿಯಂತೆ. ಫ್ಯಾನಿಗಾದರೆ ಮೂರು ರೆಕ್ಕೆ, ಒಂದು ಗುಂಡಿ ಇಷ್ಟೇ. ಅದಕ್ಕೇ ಹದಿನಾಲ್ಕು ತಿಂಗಳು ಹಿಡಿದಿತ್ತು.

ಮೂರನೆಯ ಪುಸ್ತಕ ತೆರೆದಾಗ ಅಜ್ಜ ಮೊದಲ ಸಲ ನಕ್ಕರು. ಆ ಹಡಗು ಚಿಕ್ಕದು, ಗುಂಡುಗುಂಡಗಿತ್ತು. ಕಬ್ಬಿಣದ ಟ್ರಂಕಿಗೆ ಮೂಗು ಮೂಡಿದಂತಿತ್ತು. "ಇದು ಹಡಗು ಅಂದ್ರೆ! ಹೊಟ್ಟೆ ತುಂಬ ಡೀಸೆಲ್ಲು, ಒಂದು ದೊಡ್ಡ ಇಂಜಿನ್ನು, ಕಷ್ಟಕಾಲಕ್ಕೆ ಅಂತ ಪಕ್ಕದಲ್ಲಿ ಪುಟಾಣಿ ಇಂಜಿನ್ನು. ಬಿರುಗಾಳಿ ಬಂದ್ರೂ ಆಮೆ ಹಾಗೆ ಹೋಗ್ತಾ ಇರುತ್ತೆ. ಆದರೆ ಇದು ನಿನಗೆ ಬರಲ್ಲ ಬಿಡು."

"ಯಾಕಜ್ಜ?"

"ಇಬ್ಬರಿಗೇ ಜಾಗ. ಇಲ್ಲಿ ನೋಡು, ನಕ್ಷೆ. ಒಂದು ಕೋಣೆ, ಎರಡು ಹಾಸಿಗೆ. ಮೂರನೆಯವನು ನಿಂತ್ಕೊಳ್ಳೋಕೂ ಜಾಗ ಇಲ್ಲ."

ಗುಮಾಸ್ತರು ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡರು. ಎರಡು ಹಾಸಿಗೆ! ಒಂದು ಯಜಮಾನರಿಗೆ, ಒಂದು ಅಮ್ಮಾವ್ರಿಗೆ. ನಿಯಮ ಮುರಿಯಲು ತಾವು ಯಾರು? ತಾವಂತೂ ತಯಾರೇ, ಜಾಗವೇ ಇಲ್ಲದಿದ್ದರೆ ಏನು ಮಾಡುವುದು? ಮಜ್ಜಿಗೆಯನ್ನೂ ಕುಡಿಯದೆ ಅವರು ಕಚೇರಿಗೆ ಓಡಿದರು. ಹಿಂದಿನಿಂದ ಹೆಂಡತಿ, "ರೀ, ಸ್ವೆಟರು ಎರಡು ಸಾಕಾ?" ಎಂದು ಕೂಗಿದ್ದು ಅವರಿಗೆ ಕೇಳಿಸಲಿಲ್ಲ.

ಕಚೇರಿಯಲ್ಲಿ ಬೀಗದಕೈ ಆಗಲೇ ಎಂಟು ಹಾಸಿಗೆಯಲ್ಲಿ ಯಾರು ಯಾರು ಎಲ್ಲೆಲ್ಲಿ ಮಲಗಬೇಕು ಎಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದ. ಗುಮಾಸ್ತರ ಹೆಸರು ಇಂಜಿನ್ನಿನ ಪಕ್ಕದ ಹಾಸಿಗೆಗೆ ಬಿದ್ದಿತ್ತು. ಇನ್ನು ಹೊತ್ತು ಕಳೆದರೆ ಈ ಪಟ್ಟಿ ಯಜಮಾನರ ಕಣ್ಣಿಗೆ ಬೀಳುತ್ತದೆ. ಗುಮಾಸ್ತರು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬೆವರು ಸುರಿಸಿ ಕೆಲಸ ಮಾಡಿದರು. ಮೂರನೆಯ ಹಡಗಿನವರು ಈಗ ಫೋನ್ ಎತ್ತಿದರು. ವಯಸ್ಸಾದ, ತಣ್ಣನೆಯ ದನಿ.

"ನಿಜವಾಗಿ ಇಬ್ಬರಿಗೇ ಜಾಗ ತಾನೇ?" ಎಂದು ಗುಮಾಸ್ತರು ಕೇಳಿದರು.

"ಹೌದು ಸಾರ್. ಬೇಕಾದ್ರೆ ಮಡಚೋ ಹಾಸಿಗೆ ಒಂದು ಹಾಕ್ಸಿಕೊಡಬಹುದು."

"ಖಂಡಿತ ಬೇಡ! ಯಾರು ಕೇಳಿದ್ರೂ ಆಗಲ್ಲ ಅನ್ನಿ. ಮತ್ತೆ ಓಡಿಸೋಕೆ ನಾವಿಕರು ಬೇಕಾ?"

"ಬೇಡ ಸಾರ್. ದಾರಿ ಹೇಳಿಕೊಟ್ರೆ ಅದೇ ಹೋಗುತ್ತೆ. ಏನೂ ಗೊತ್ತಿಲ್ಲದವರಿಗೂ ಹತ್ತು ದಿನ ಕೂರಿಸ್ಕೊಂಡು ಕಲಿಸ್ತೀವಿ. ಹೋಗೋದು ಯಾರು, ನೀವೇನಾ?"

"ಛೆ ಛೆ, ಬಿಡ್ತು ಅನ್ನಿ," ಎಂದು ಗುಮಾಸ್ತರು ಫೋನ್ ಇಟ್ಟರು.

ಇನ್ನು ಖರೀದಿ ಅರ್ಜಿ. ಅದರ ಪ್ರಶ್ನೆಗಳು ಇಪ್ಪತ್ತೆರಡು ವರ್ಷದಿಂದ ಬದಲಾಗಿರಲಿಲ್ಲ. 'ವಸ್ತುವನ್ನು ಎಲ್ಲಿ ಇಡಲಾಗುವುದು?' ಎಂಬಲ್ಲಿ ಗುಮಾಸ್ತರು 'ಸಮುದ್ರದಲ್ಲಿ' ಎಂದು ಬರೆಸಿದರು. 'ನೀರು ತಾಗದಂತೆ ಎಚ್ಚರಿಕೆ ವಹಿಸಲಾಗಿದೆಯೇ?' ಎಂಬಲ್ಲಿ ಬಹಳ ಹೊತ್ತು ಯೋಚಿಸಿ 'ಒಳಗಡೆಗೆ' ಎಂದು ಬರೆಸಿದರು. 'ಹಳೆಯ ವಸ್ತುವನ್ನು ಏನು ಮಾಡಲಾಯಿತು?' ಎಂಬಲ್ಲಿ ಗೆರೆ ಎಳೆದರು. ಟೈಪಿಸ್ಟ್ ಅಕ್ಕ ಕುಟ್ಟುತ್ತಲೇ ಇದ್ದರು.

ಹೋಲಿಕೆ ಪಟ್ಟಿಯಲ್ಲಂತೂ ಗುಮಾಸ್ತರು ತಮ್ಮ ಜಾಣ್ಮೆಯನ್ನೆಲ್ಲ ಸುರಿದರು. ಮೊದಲನೆಯ ಹಡಗು ಮಹಾಸಾಗರದ ಆರನೇ ಒಂದು ಭಾಗದಲ್ಲಿ ನಿಂತುಹೋಗುತ್ತದೆ, ತಳ್ಳಲು ಅಲ್ಲಿ ಯಾರೂ ಸಿಗುವುದಿಲ್ಲ. ಎರಡನೆಯದರಲ್ಲಿ ಜನ ಹೆಚ್ಚು, ಜನ ಹೆಚ್ಚಾದಷ್ಟೂ ಜಗಳ ಹೆಚ್ಚು, ಸಮುದ್ರದ ಮಧ್ಯೆ ಜಗಳವಾದರೆ ಸಿಟ್ಟಿನಿಂದ ಎದ್ದು ಹೋಗಲು ಜಾಗವಿಲ್ಲ. ಮೂರನೆಯದೇ ಸರ್ವಶ್ರೇಷ್ಠ. ಇದು ಇಬ್ಬರಿಗೆ ಸಾಕಾಗುತ್ತದೆ, ಮೂರನೆಯವರಿಗೆ ಎಳ್ಳಷ್ಟೂ ಅವಕಾಶವಿಲ್ಲ, ನಾವಿಕರ ಅಗತ್ಯವೂ ಇಲ್ಲ. ಈ ಸಾಲಿಗೆ ಕೆಂಪು ಶಾಯಿಯಲ್ಲಿ ಎರಡು ಸಲ ಅಡಿಗೆರೆ ಎಳೆದರು. ಕೊನೆಯ ಸಾಲನ್ನು ಅಕ್ಕ ಎಂದಿನಂತೆ ಕೇಳದೆಯೇ ಟೈಪ್ ಮಾಡಿ ಹಾಳೆ ಹೊರಗೆಳೆದರು. ಗಡಿಯಾರ ಐದು ಹೊಡೆಯಿತು.

ಯಜಮಾನರ ಕೋಣೆಯಲ್ಲಿ ಅಮ್ಮಾವ್ರೂ ಇದ್ದರು. ಸೋಫಾದ ತುದಿಯಲ್ಲಿ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತಿದ್ದರು. ಗುಮಾಸ್ತರನ್ನು ಕಂಡು ಯಜಮಾನರ ಮುಖ ಅರಳಿತು.

"ಬನ್ನಿ ಬನ್ನಿ! ಇಗೋ, ಇವರ ಕೈಗೇ ಕೊಟ್ಟಿದ್ದೀನಿ ನೋಡು," ಎಂದು ಅಮ್ಮಾವ್ರಿಗೆ ಹೇಳಿ, "ಏನು, ಇನ್ನೂ ಸಮಯ ಬೇಕಾ? ತಗೊಳ್ಳಿ ತಗೊಳ್ಳಿ. ಒಂದು ವರ್ಷ ಆಗ್ಲಿ, ಎರಡು ವರ್ಷ ಆಗ್ಲಿ," ಎಂದರು.

ಟೈಪಿಸ್ಟ್ ಅಕ್ಕನ ಶಾಸ್ತ್ರದ ಪ್ರಕಾರ ಇದು ಭಯಂಕರ ಕೋಪದ ಮಾತು. ಗುಮಾಸ್ತರು ಮೂರು ಹೆಜ್ಜೆಯಲ್ಲಿ ಮೇಜು ತಲುಪಿ ಫೈಲನ್ನೂ ಮೂರನೆಯ ಹಡಗಿನ ಪುಸ್ತಕವನ್ನೂ ಇಟ್ಟರು.

"ಮುಗೀತು ಸಾರ್."

"ಏನು ಮುಗೀತು?"

"ಹಡಗು ಆರಿಸಿ ಆಯ್ತು ಸಾರ್. ಮೂರು ಕೊಟೇಶನ್ನು, ಹೋಲಿಕೆ ಪಟ್ಟಿ, ಶಿಫಾರಸು, ಎಲ್ಲಾ ಇದೆ. ನಿಮ್ಮ ಸಹಿ ಒಂದು ಬಾಕಿ."

ಯಜಮಾನರ ಅರಳಿದ ಮುಖ ಬಾಡಿತು. ಅವರು ಕೈ ಚಾಚುವ ಮೊದಲೇ ಅಮ್ಮಾವ್ರು ಎದ್ದು ಬಂದು ಫೈಲನ್ನು ಎತ್ತಿಕೊಂಡರು. ನಿಂತಲ್ಲೇ ಓದಿದರು. ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು.

"ಬೆಳಿಗ್ಗೆ ಕೊಟ್ಟಿದ್ದು, ಸಂಜೆಗೆ ಮುಗಿಸಿದ್ದೀರಾ?"

"ಹೌದು ಅಮ್ಮಾವ್ರೇ."

"ಇವರು ನಿಮ್ಮ ಬಗ್ಗೆ ಬೇರೆ ಏನೇನೋ ಹೇಳಿದ್ರಲ್ಲ! ಇಂಥ ಚುರುಕಿನ ಜನ ನಮ್ಮ ಕಾರ್ಖಾನೆಯಲ್ಲಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ನೋಡಿ, ಇವರಿಗೆ ಡಾಕ್ಟರು, ಒಂದು ತಿಂಗಳು ಫೋನು, ಫೈಲು ಯಾವುದೂ ಸಿಗದ ಕಡೆ ಇದ್ದು ಬನ್ನಿ ಅಂತ ಹೇಳಿ ಎರಡು ವರ್ಷ ಆಯ್ತು. ಬೆಟ್ಟಕ್ಕೆ ಕಳಿಸಿದೆ, ಅಲ್ಲಿಗೂ ಫೈಲು ತರಿಸಿಕೊಂಡ್ರು. ಸಮುದ್ರದ ಮಧ್ಯೆ ಯಾರು ತಂದುಕೊಡ್ತಾರೆ ನೋಡೋಣ ಅಂತ ಈ ಹಡಗು."

"ಒಳ್ಳೇ ಯೋಚನೆ ಅಮ್ಮಾವ್ರೇ," ಎಂದರು ಗುಮಾಸ್ತರು ಉತ್ಸಾಹದಿಂದ. "ಅದಕ್ಕೇ ಇಬ್ಬರಿಗೆ ಮಾತ್ರ ಜಾಗ ಇರೋದನ್ನ ಆರಿಸಿದ್ದು. ನೀವು ಮತ್ತು ಯಜಮಾನರು."

"ನಾನಾ?" ಅಮ್ಮಾವ್ರು ನಕ್ಕರು. "ನಾನು ಹೋದ್ರೆ ಕಾರ್ಖಾನೆ ಯಾರು ನೋಡ್ಕೊಳ್ಳೋದು? ನೀನೂ ಬಾ ಅಂತ ಇವರು ಹಟ ಹಿಡಿದಿದ್ರು. ಹೇಗೆ ತಪ್ಪಿಸಿಕೊಳ್ಳೋದು ಅಂತ ನಾನೂ ಯೋಚಿಸ್ತಾ ಇದ್ದೆ. ನೀವೇ ದಾರಿ ತೋರಿಸಿದ್ರಿ. ಇಬ್ಬರಿಗೇ ಜಾಗ, ಮೂರನೆಯವರಿಗೆ ಎಳ್ಳಷ್ಟೂ ಅವಕಾಶ ಇಲ್ಲ. ಕೆಂಪು ಗೆರೆ ಬೇರೆ ಹಾಕಿದ್ದೀರಿ. ಯಾವ ಇಬ್ಬರು ಅನ್ನೋದೂ ಇಲ್ಲೇ ಕೊನೇ ಸಾಲಲ್ಲಿ ಇದೆಯಲ್ಲ."

ಅವರು ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು: "'ಪದ್ಧತಿಯಂತೆ, ಈ ವಸ್ತುವನ್ನು ಮೊದಲ ಒಂದು ತಿಂಗಳು ಖರೀದಿ ಗುಮಾಸ್ತರೇ ಖುದ್ದಾಗಿ ಬಳಸಿ ನೋಡುವುದು.'"

ಗುಮಾಸ್ತರು ಹಾಳೆ ಕಿತ್ತುಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟರು. ಅಮ್ಮಾವ್ರು ಯಜಮಾನರ ಪೆನ್ನನ್ನೇ ತೆಗೆದುಕೊಂಡು ಸಹಿ ಹಾಕಿ, "ಆ ಹಡಗಿನವರಿಗೆ ಈಗಲೇ ಫೋನ್ ಮಾಡ್ತೀನಿ," ಎಂದು ಪಕ್ಕದ ಕೋಣೆಗೆ ಹೊರಟರು.

"ಅಮ್ಮಾವ್ರೇ, ಒಂದ್ನಿಮಿಷ!" ಗು­ಮಾಸ್ತರು ಕೊನೆಯ ಹುಲ್ಲುಕಡ್ಡಿ ಹಿಡಿದರು. "ಆತುರ ಬೇಡ. ಮೂರು ಕೊಟೇಶನ್ ನೋಡದೆ ತಗೊಂಡ್ರೆ..."

"ಮೂರೂ ಇಲ್ಲೇ ಇವೆಯಲ್ಲ!" ಎಂದು ಅಮ್ಮಾವ್ರು ಫೈಲು ತಟ್ಟಿ ಬಾಗಿಲು ಎಳೆದುಕೊಂಡರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಯಜಮಾನರು ಕುರ್ಚಿಯಲ್ಲಿ ಕುಸಿದು ಕೂತಿದ್ದರು.

"ನಿಧಾನವಾಗಿ ನೋಡಿ ಅಂತ ಹೇಳಿದ್ದೆನಲ್ಲ ರೀ?"

"ಅದಕ್ಕೇ ಸಾರ್ ಬೇಗ ಮಾಡಿದ್ದು."

"ಒಂದು ಫ್ಯಾನಿಗೆ ಹದಿನಾಲ್ಕು ತಿಂಗಳು ತಗೊಂಡವರು ನೀವು! ಆ ಲೆಕ್ಕದಲ್ಲಿ ಹಡಗಿಗೆ ಏನಿಲ್ಲ ಅಂದ್ರೂ ಆರೇಳು ವರ್ಷ ಆಗುತ್ತೆ, ಅಷ್ಟರಲ್ಲಿ ಇವಳು ಮರೀತಾಳೆ ಅಂತ ನಂಬಿ ನಿಮ್ಮ ಕೈಗೆ ಕೊಟ್ಟೆ. ಎಲ್ಲಾದ್ರೂ ಬೇಗ ಮಾಡಿಬಿಟ್ಟೀರಾ ಅಂತ, ನೀವೂ ಹತ್ತಬೇಕು ಅಂತ ಬೇರೆ ಹೆದರಿಸಿದೆ." ಯಜಮಾನರು ಸುತ್ತ ನೋಡಿ ದನಿ ತಗ್ಗಿಸಿದರು. "ನನಗೆ ನೀರು ಕಂಡ್ರೆ ಆಗಲ್ಲ ರೀ. ಸ್ನಾನದ ತೊಟ್ಟಿಯಲ್ಲಿ ಕೂತ್ರೂ ತಲೆ ತಿರುಗುತ್ತೆ. ಹೋಗ್ಲಿ ಬಿಡಿ. ನೀವಾದ್ರೂ ಗಟ್ಟಿ ಇದ್ದೀರಲ್ಲ, ಅದೊಂದು ಸಮಾಧಾನ. ಬಿರುಗಾಳಿ ಬಂದ್ರೆ ಏನು ಮಾಡ್ಬೇಕು ಅಂತ ನಿಮಗೆ ಗೊತ್ತಿರುತ್ತೆ ಅಲ್ವಾ?"

ಗುಮಾಸ್ತರು ಮೇಜಿನ ಅಂಚನ್ನು ಹಿಡಿದುಕೊಂಡರು. ನೆಲ ಆಗಲೇ ಓಲಾಡುತ್ತಿರುವಂತೆ ಅನ್ನಿಸುತ್ತಿತ್ತು.

"ಸಾರ್, ನನಗೆ ಲಿಫ್ಟಲ್ಲೇ ವಾಂತಿ ಆಗುತ್ತೆ."

ಯಜಮಾನರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಪಕ್ಕದ ಕೋಣೆಯಿಂದ ಅಮ್ಮಾವ್ರ ದನಿ ಕೇಳುತ್ತಿತ್ತು. ಹಡಗು ತಯಾರಾಗಿಯೇ ಇದೆಯಂತೆ, ಮುಂದಿನ ಸೋಮವಾರವೇ ಕಲಿಸಲು ಶುರು ಮಾಡುತ್ತಾರಂತೆ. ಯಜಮಾನರು ನಿಟ್ಟುಸಿರು ಬಿಟ್ಟು, ಮೇಜಿನ ಮೇಲೆ ಉಳಿದಿದ್ದ ಹಡಗಿನ ಪುಸ್ತಕವನ್ನು ಎಳೆದುಕೊಂಡು ನಕ್ಷೆಯ ಪುಟ ತೆಗೆದರು.

"ಇದರಲ್ಲಿ ಬಚ್ಚಲಿಗೆ ಹತ್ತಿರ ಇರೋ ಹಾಸಿಗೆ ಯಾವುದು?"

"ಎಡಗಡೇದು ಸಾರ್."

"ಅದು ನನಗೆ," ಎಂದರು ಯಜಮಾನರು.